ಆಸ್ಟ್ರೇಲಿಯಾದ ಜೀಲಾಂಗ್‌ಗೆ ಬಂದಿದ್ದೀರಾ? ಫುಟಿ ನೋಡುವಾಗ ಹಿಂದಿನ ಮೂಲೆಯನ್ನೂ ನೋಡಿ

ಟ್ಯಾಕ್ಸ್ ಫೈಲ್ ನಂಬರ್, ಬ್ಯಾಂಕ್ ಖಾತೆ ಇವೆಲ್ಲ ಆನ್‌ಲೈನಿನಲ್ಲೇ ಆಗುತ್ತವೆ, ಮೊದಲ ವಾರ ಮುಗಿಸಿಬಿಡಿ. ಕಷ್ಟ ಇರುವುದು ಆಫೀಸಿನಲ್ಲಿ ‘ನಿಮ್ಮ ಟೀಮ್ ಯಾವುದು?’ ಎಂದು ಕೇಳಿದಾಗ. ಆರ್‌ಸಿಬಿ ಅನ್ನಬೇಡಿ! ಕೇಳುತ್ತಿರುವುದು ಫುಟಿ, ಅಂದರೆ ಆಸ್ಟ್ರೇಲಿಯಾದ ತನ್ನದೇ ಫುಟ್‌ಬಾಲ್ ಬಗ್ಗೆ. ಈ ಊರಲ್ಲಿ ಮನೆ ಮಾಡಿದವರಿಗೆ ಉತ್ತರ ಒಂದೇ, ಕ್ಯಾಟ್ಸ್, ಅಂದರೆ ಜೀಲಾಂಗ್ ಟೀಮ್.

ಒಂದು ಕಡೆಗೆ 18 ಜನ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಪಾಯಿಂಟ್, ಪಕ್ಕಕ್ಕೆ ಹೋದರೆ 1. ಹಾಗಾಗಿ ನಮ್ಮವರ ಕಣ್ಣೆಲ್ಲ ಗೋಲ್ ಹೊಡೆಯುವವನ ಮೇಲೇ. ಜೀಲಾಂಗ್‌ನ ಹಳೆಯ ಆಟಗಾರ ಬರ್ನಿ ಸ್ಮಿತ್ ಕಥೆ ಗೊತ್ತಿದ್ದರೆ ಹಾಗೆ ನೋಡಲ್ಲ.

ಸ್ಮಿತ್ ಕೂಡ ಹೊರಗಿನಿಂದಲೇ ಬಂದವರು. 1947ರಲ್ಲಿ ವೆಸ್ಟ್ ಅಡಿಲೇಡ್ ಕ್ಲಬ್ ಪರ ಪ್ರೀಮಿಯರ್‌ಶಿಪ್ (ಲೀಗಿನ ಚಾಂಪಿಯನ್ ಪಟ್ಟ) ಗೆದ್ದು, ಮರುವರ್ಷ ಜೀಲಾಂಗ್ ಸೇರಿದರು. 1958ರವರೆಗೆ 183 ಪಂದ್ಯ ಆಡಿದರು. ಅವರ ಜಾಗ ಬ್ಯಾಕ್ ಪಾಕೆಟ್, ಅಂದರೆ ತಮ್ಮ ಗೋಲಿನ ಪಕ್ಕದ ಮೂಲೆ. ಎದುರಾಳಿಗೆ ಅಂಟಿಕೊಂಡಿರುವುದು, ಚೆಂಡು ಬಂದರೆ ಗುದ್ದಿ ಆಚೆ ಹಾಕುವುದು, ಅಲ್ಲಿ ನಿಂತವನಿಗೆ ಆಗ ಇಷ್ಟೇ ಕೆಲಸ. ಸ್ಮಿತ್ ಮಾತ್ರ ಚೆಂಡು ಹಿಡಿದು ಮುಂದಕ್ಕೆ ಓಡುತ್ತಿದ್ದರು. ಟೀಮಿನ ದಾಳಿ ಆ ಮೂಲೆಯಿಂದಲೇ ಶುರುವಾಗುತ್ತಿತ್ತು. ಕೋಚ್ ರೆಜ್ ಹಿಕಿ ಕೂಡ ಹಿಂದೆ ನಿಂತು ಆಡಿದವರೇ. 1951, 1952 ಎರಡೂ ವರ್ಷ ಪ್ರೀಮಿಯರ್‌ಶಿಪ್ ಜೀಲಾಂಗ್‌ಗೆ ಬಂತು. 1952ರಲ್ಲಿ ಶುರುವಾಗಿ 1953ರವರೆಗೆ ಸತತ 23 ಗೆಲುವು. ಆ ದಾಖಲೆ ಇನ್ನೂ ಮುರಿದಿಲ್ಲ.

ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್ಲೋ ಪದಕವೂ 1951ರಲ್ಲಿ ಸ್ಮಿತ್‌ಗೇ. ಅದಕ್ಕೆ ಮತ ಹಾಕುವವರು ಅಂಪೈರ್‌ಗಳು. ಮೂಲೆಯಲ್ಲಿ ನಿಂತವನು ಅವರ ಕಣ್ಣಿಗೆ ಬೀಳುವುದೇ ಕಷ್ಟ, ಅಲ್ವಾ? ಅದುವರೆಗೆ ಬ್ಯಾಕ್ ಪಾಕೆಟ್‌ನವರು ಯಾರೂ ಅದನ್ನು ಗೆದ್ದಿರಲಿಲ್ಲ. 1996ರಲ್ಲಿ ಆರಿಸಿದ ಇಡೀ ಲೀಗಿನ ಶತಮಾನದ ತಂಡದಲ್ಲೂ ಅದೇ ಮೂಲೆಯಲ್ಲಿ ಅವರ ಹೆಸರಿದೆ.

ಇಷ್ಟೆಲ್ಲ ಹೇಳಿದ್ದು ಆಸ್‌ಕಿಕ್ ಎಂಬ ಚಿಕ್ಕವರ ಫುಟಿ ತರಬೇತಿಗೆ ಮಕ್ಕಳನ್ನು ಕರೆತರುವ ಅಪ್ಪಂದಿರಿಗಾಗಿ. ಗೆರೆಯಾಚೆ ನಿಂತು ‘ಮುಂದೆ ಹೋಗೋ, ಗೋಲ್ ಹೊಡಿಯೋ’ ಎಂದು ಕಿರುಚುತ್ತಾರೆ. ಹುಡುಗನನ್ನು ಹಿಂದೆ ನಿಲ್ಲಿಸಿದರೆ, ಎರಡು ಮಾರ್ಕ್ಸ್ ಯಾಕೆ ಕಡಿಮೆ ಎಂದು ಮೇಷ್ಟ್ರನ್ನು ಕೇಳಿದ ಹಾಗೆ ಕೋಚ್ ಹತ್ತಿರ ತಕರಾರು. ಬಿಡ್ರೀ ಸ್ವಾಮಿ! ಆ ಕೋಚ್ ಕೂಡ ಯಾರದೋ ಮಗುವಿನ ಅಪ್ಪನೋ ಅಮ್ಮನೋ, ಸಂಬಳವಿಲ್ಲದೆ ಬಂದು ನಿಂತಿರುತ್ತಾರೆ. ಸುಮ್ನೆ ಒಂದು ಡಬ್ಬಿ ಕಿತ್ತಳೆ ಹೆಚ್ಚಿಕೊಂಡು ಹೋಗಿ, ನಾಲ್ಕು ಮನೆಯವರ ಪರಿಚಯ ಆಗುತ್ತದೆ.

ಆದರೆ ಆಟ, ಕನ್ನಡ ತರಗತಿ ಎರಡೂ ಒಂದೇ ಹೊತ್ತಿಗೆ ಬೀಳುತ್ತವೆ. ನನ್ನ ಮಗಳು ಆಟವನ್ನೇ ಆರಿಸಿಕೊಂಡಳು. ಈಗ ಫೋನಿನಲ್ಲಿ ಅಜ್ಜಿಗೆ ಪಂದ್ಯದ ಕಥೆ ಹೇಳಲು ಹೋಗಿ ಅರ್ಧಕ್ಕೇ ಇಂಗ್ಲಿಷಿಗೆ ಜಾರುತ್ತಾಳೆ. ಅಜ್ಜಿ ಹೂಂಗುಟ್ಟುತ್ತಾರೆ, ಏನೂ ತಿಳಿದಿರುವುದಿಲ್ಲ. ನನಗೆ ಹೊಟ್ಟೆ ಉರಿಯುತ್ತದೆ. ತರಗತಿಯನ್ನು ಭಾನುವಾರ ಸಂಜೆಗೆ ಹಾಕೋಣ ಎನ್ನುವವರು ಇನ್ನಿಬ್ಬರು ಸಿಕ್ಕಿದರೆ ಸಾಕು, ಕಾಗುಣಿತ ಹೇಳಿಕೊಡಲು ನಾನು ಬರ್ತೀನಿ.