ಬೆಲ್ಟ್ ಹೊಸದು, ಟೆನ್ಷನರ್ ಹಳೆಯದು: ಹಳೇ ಕಾರಿಗೆ ಸರಿಯಾದ ಪೀಸ್ ಹುಡುಕುವುದು ಹೇಗೆ?

ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆ ದಾಟಿದ ಮೇಲೆ ನಮ್ಮ ಮನೆಯ ಡೀಸೆಲ್ ಇಂಡಿಕಾ ಒಂದು ಕೆಟ್ಟ ಸದ್ದು ಮಾಡಿ ನಿಂತುಬಿಟ್ಟಿತು. ಟೋ ಮಾಡಿಸಿ ಊರಿಗೆ ತಂದು ಟೈಮಿಂಗ್ ಕವರ್ ಬಿಚ್ಚಿಸಿದಾಗ ಒಳಗಿನ ಬೆಲ್ಟ್ ಹರಿದು ನೂಲುನೂಲಾಗಿತ್ತು. ಅದನ್ನು ಹಾಕಿಸಿ ಒಂಬತ್ತು ತಿಂಗಳೂ ಆಗಿರಲಿಲ್ಲ. ತಪ್ಪು ಬೆಲ್ಟಿನದ್ದಲ್ಲ. ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಮಾತ್ರ ಕಾರು ಕೊಂಡಾಗಿನದ್ದೇ ಉಳಿದಿತ್ತು. ಅದರ ಬೇರಿಂಗ್ ಕಚ್ಚಿಕೊಂಡು, ತಿರುಗದ ಗಾಲಿಯ ಮೇಲೆ ಬೆಲ್ಟ್ ಉಜ್ಜಿ ಉಜ್ಜಿ ಸುಟ್ಟುಹೋಗಿತ್ತು. ಬೆಲ್ಟ್ ಬದಲಿಸಿದ ಗ್ಯಾರೇಜಿನಲ್ಲಿ, “ಟೆನ್ಷನರ್ ಚೆನ್ನಾಗೇ ತಿರುಗ್ತಿದೆ ಸಾರ್, ಸುಮ್ನೆ ಯಾಕೆ ಖರ್ಚು?” ಅಂದಿದ್ದರು. ನಾನೂ ತಲೆಯಾಡಿಸಿದ್ದೆ. ಬೆಲ್ಟ್ ಹರಿದದ್ದರಿಂದ ಎಂಜಿನ್ನಿನ ವಾಲ್ವ್‌ಗಳು ಬಾಗಿ, ಸಿಲಿಂಡರ್ ಹೆಡ್ಡನ್ನೇ ಇಳಿಸಬೇಕಾಯಿತು.

ಇನ್ನೊಬ್ಬರಿಗೆ ಹೀಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಟೆನ್ಷನರ್ ಮಾಡುವ ಕೆಲಸ

ಎಂಜಿನ್ನಿನ ಕೆಳಗಿರುವ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಎರಡು ಸುತ್ತು ತಿರುಗಿದಾಗ ಮೇಲಿನ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ದಂಡ) ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದಂತೆ ಎರಡನ್ನೂ ಜೋಡಿಸುವುದು ಹಲ್ಲುಗಳಿರುವ ರಬ್ಬರ್ ಬೆಲ್ಟ್, ಅದೇ ಟೈಮಿಂಗ್ ಬೆಲ್ಟ್. ಬೆಲ್ಟಿನ ನುಣುಪಾದ ಬೆನ್ನಿಗೆ ಒತ್ತಿಕೊಂಡು ತಿರುಗುವ ಗಾಲಿಯೇ ಟೆನ್ಷನರ್. ಅದು ಸಡಿಲವಾದರೆ ಬೆಲ್ಟ್ ಹಲ್ಲು ಹಾರಿ ಲೆಕ್ಕ ತಪ್ಪುತ್ತದೆ. ಅತಿಯಾಗಿ ಬಿಗಿಯಾದರೆ ಸಣ್ಣಗೆ ಕೊರಗುವ ಸದ್ದು ಬಂದು, ಅದರ ಬೇರಿಂಗೂ, ಕೆಲವು ಕಾರುಗಳಲ್ಲಿ ಅದೇ ಬೆಲ್ಟಿನಿಂದ ಓಡುವ ವಾಟರ್ ಪಂಪಿನ ಬೇರಿಂಗೂ ಬೇಗ ಸವೆಯುತ್ತವೆ.

ಗಾಲಿಯೊಳಗಿನ ಬೇರಿಂಗಿಗೆ ಕಾರ್ಖಾನೆಯಲ್ಲಿ ಒಮ್ಮೆ ತುಂಬಿದ ಗ್ರೀಸೇ ಗತಿ. ಎಂಜಿನ್ನಿನ ಬಿಸಿಗೆ ಅದು ಒಣಗುತ್ತಾ ಬರುತ್ತದೆ. ಇಲ್ಲಿ ಬೆಂಗಳೂರಿನವರು ಒಂದು ಲೆಕ್ಕ ಹಾಕಿ ನೋಡಬೇಕು. ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಸರಾಸರಿಯಲ್ಲಿ ಓಡಿದ ಕಾರು 60,000 ಕಿ.ಮೀ. ಮುಟ್ಟಲು ಎಂಜಿನ್ 1,000 ಗಂಟೆ ಓಡಿರುತ್ತದೆ. ಸಿಲ್ಕ್ ಬೋರ್ಡಿನಲ್ಲೂ ಹೆಬ್ಬಾಳದಲ್ಲೂ ನಿಂತು ನಿಂತು 20ರ ಸರಾಸರಿಯಲ್ಲಿ ಓಡಿದ ಕಾರಿನ ಎಂಜಿನ್ ಅದೇ ದೂರಕ್ಕೆ 3,000 ಗಂಟೆ ಓಡಿರುತ್ತದೆ. ಮೀಟರಿನಲ್ಲಿ ಕಾಣುವ ಅಂಕಿ ಒಂದೇ, ಟೆನ್ಷನರ್ ದುಡಿದ ಹೊತ್ತು ಮಾತ್ರ ಮೂರು ಪಟ್ಟು. ಹಾಗಾಗಿ ನಮ್ಮೂರಿನಲ್ಲಿ ಮ್ಯಾನ್ಯುಯಲ್ ಹೇಳಿದ ಕಿ.ಮೀ. ತುಂಬುವವರೆಗೆ ಕಾಯುವುದಕ್ಕಿಂತ ವರ್ಷದ ಲೆಕ್ಕ ಹಿಡಿಯುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಮೊದಲು ಎಂಜಿನ್ ಯಾವುದೆಂದು ತಿಳಿಯಿರಿ

ಕಾರಿನ ಹೆಸರು ಹೇಳಿ ಟೆನ್ಷನರ್ ಕೇಳುವುದೇ ಎಲ್ಲ ಗೊಂದಲದ ಮೂಲ. ಆಲ್ಟೊ 800ರಲ್ಲಿ ಇರುವುದು ಬೆಲ್ಟ್, ಆಲ್ಟೊ ಕೆ10ರಲ್ಲಿ ಬೆಲ್ಟಿನ ಬದಲು ಚೈನ್. ಹಳೇ ವ್ಯಾಗನ್‌ಆರ್‌ಗೆ ಬೆಲ್ಟ್. ಮುಂದೆ ಕೆ ಸರಣಿಯ ಎಂಜಿನ್ ಬಂದ ಮೇಲೆ ಅದಕ್ಕೂ ಚೈನೇ. ಸ್ವಿಫ್ಟ್‌ನಲ್ಲಿ ಬಂದ 1.3 ಲೀಟರ್ ಡೀಸೆಲ್ಲಿನಲ್ಲೂ ಇರುವುದು ಚೈನ್. ಮಾರುತಿ ಜೆನ್ ಪೆಟ್ರೋಲಿಗೂ ಜೆನ್ ಡೀಸೆಲ್ಲಿಗೂ ಹೆಸರು ಬಿಟ್ಟರೆ ಎಂಜಿನ್ನಿನಲ್ಲಿ ಸಂಬಂಧವೇ ಇಲ್ಲ: ಡೀಸೆಲ್ ಜೆನ್ನಿನ ಎಂಜಿನ್ ಪ್ಯೂಜೊ ಕಂಪನಿಯದ್ದು. “ಜೆನ್ ಟೆನ್ಷನರ್ ಕೊಡಿ” ಅಂದರೆ ಅಂಗಡಿಯವರು ಯಾವುದನ್ನು ಕೊಡಬೇಕು?

ಆದ್ದರಿಂದ ಆರ್‌ಸಿಯಲ್ಲಿರುವ ಚಾಸಿಸ್ ನಂಬರ್, ಎಂಜಿನ್ ನಂಬರ್, ತಯಾರಾದ ತಿಂಗಳು ಮತ್ತು ವರ್ಷದ ಫೋಟೊ ತೆಗೆದಿಟ್ಟುಕೊಳ್ಳಿ. ಇನ್ನೊಂದು ವಿಷಯ: ಆಲ್ಟರ್ನೇಟರ್, ಎ.ಸಿ. ಓಡಿಸುವ ಹೊರಗಿನ ಫ್ಯಾನ್ ಬೆಲ್ಟಿಗೂ ಕೆಲವು ಕಾರುಗಳಲ್ಲಿ ಟೆನ್ಷನರ್ ಇರುತ್ತದೆ. ನಿಮಗೆ ಬೇಕಿರುವುದು ಕವರಿನ ಒಳಗಿನದ್ದು ಎಂದು ಬಿಡಿಸಿ ಹೇಳಿ.

ನಂಬರ್ ಹಿಡಿದು ಹೋಗಿ

ಹಳೇ ಕಾರಿನವರಿಗೆ ಪಾರ್ಟ್ ನಂಬರಿಗಿಂತ ದೊಡ್ಡ ಆಸರೆ ಇಲ್ಲ. ಅದನ್ನು ಓದುವುದು ಕಷ್ಟವೂ ಅಲ್ಲ. ಮಾರುತಿ, ಹ್ಯುಂಡೈ, ಹೋಂಡಾ ನಂಬರುಗಳಲ್ಲಿ ಅಡ್ಡಗೆರೆಗೆ ಮೊದಲು ಬರುವ ಐದು ಅಂಕಿಗಳು ಅದು ಯಾವ ಬಗೆಯ ಬಿಡಿಭಾಗ ಎಂದು ಹೇಳುತ್ತವೆ. ಗೆರೆಯ ನಂತರದವು ಯಾವ ಎಂಜಿನ್ನಿನದ್ದು ಎಂದು. ಮಾರುತಿ ಸುಜುಕಿಯಲ್ಲಿ 12761 ಎಂದರೆ ಟೈಮಿಂಗ್ ಬೆಲ್ಟ್, 12810 ಎಂದರೆ ಟೆನ್ಷನರ್. ಹ್ಯುಂಡೈಯಲ್ಲಿ ಬೆಲ್ಟ್ 24312, ಟೆನ್ಷನರ್ 24410, ಜೊತೆಗಿದ್ದು ಬೆಲ್ಟಿಗೆ ದಾರಿ ತೋರುವ ಐಡ್ಲರ್ ಗಾಲಿ 24810. ಹೋಂಡಾದಲ್ಲಿ ಬೆಲ್ಟ್ 14400, ಟೆನ್ಷನರ್ 14510. ಡಬ್ಬಿಯ ಮೇಲಿನ ಮೊದಲ ಐದು ಅಂಕಿ ಸರಿಯಿದ್ದು ಆಮೇಲಿನದ್ದು ಬೇರೆಯಿದ್ದರೆ, ಅದು ಟೆನ್ಷನರೇ ಹೌದು, ಬೇರೆ ಎಂಜಿನ್ನಿನದ್ದಿರಬಹುದು. ಹಳೇ ನಂಬರಿಗೆ ಬದಲಾಗಿ ಕಂಪನಿ ಹೊಸ ನಂಬರ್ ಕೊಟ್ಟಿರುವುದೂ ಉಂಟು. ಅದನ್ನು ಅಧಿಕೃತ ಸರ್ವೀಸ್ ಸೆಂಟರಿನ ಪಾರ್ಟ್ಸ್ ಕೌಂಟರಿನಲ್ಲಿ ಚಾಸಿಸ್ ನಂಬರ್ ಕೊಟ್ಟು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಕಾರು ಕಂಪನಿಗಳು ಟೆನ್ಷನರನ್ನು ಸಾಮಾನ್ಯವಾಗಿ ಬೇರಿಂಗ್ ತಯಾರಕರಿಂದಲೇ ಕೊಳ್ಳುತ್ತವೆ. ಐಎನ್‌ಎ, ಎಸ್‌ಕೆಎಫ್, ಎನ್‌ಟಿಎನ್, ಕೊಯೊ, ಜಿಎಂಬಿ ಇಂಥ ಹೆಸರುಗಳು. ಗೇಟ್ಸ್, ಕಾಂಟಿಟೆಕ್ ಹೆಸರಿನಲ್ಲಿ ಬೆಲ್ಟೂ ಟೆನ್ಷನರೂ ಒಟ್ಟಿಗಿರುವ ಕಿಟ್ ಬರುತ್ತದೆ. ಹಳೇ ಪೀಸನ್ನು ಒರೆಸಿ ನೋಡಿದರೆ ಇಂಥ ಒಂದು ಹೆಸರೂ ನಂಬರೂ ಕೆತ್ತಿರುವುದು ಕಾಣಬಹುದು. ಕಾರು ಕಂಪನಿಯ ಡಬ್ಬಿ ಸಿಗದಿದ್ದಾಗ ಆ ನಂಬರೇ ದಾರಿ ತೋರಿಸುತ್ತದೆ.

ಜೆ.ಸಿ. ರಸ್ತೆಯಲ್ಲಿ

ಪುರಭವನದಿಂದ ಮಿನರ್ವ ವೃತ್ತದ ಕಡೆ ನಡೆಯಿರಿ. ಕಾರು ತರಬೇಡಿ, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ, ಮೆಟ್ರೊದಲ್ಲಿ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಹತ್ತಿರ. ಹಳೇ ಪೀಸ್ ಬಿಚ್ಚಿದ್ದರೆ ಚೀಲದಲ್ಲಿರಲಿ. ನಂಬರ್ ತೋರಿಸಿ ಕನಿಷ್ಠ ಮೂರು ಅಂಗಡಿಗಳಲ್ಲಿ ಕೇಳಿ. “ಒರಿಜಿನಲ್ ಬೇಕಾ, ಲೋಕಲ್ ಸಾಕಾ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಟೈಮಿಂಗ್ ಕೆಲಸಕ್ಕೆ ಲೋಕಲ್ ಬೇಡವೇ ಬೇಡ. ಕನ್ನಡಿಗೋ ಬಂಪರಿಗೋ ಲೋಕಲ್ ಆದೀತು, ಇದಕ್ಕಲ್ಲ. ಪಾರ್ಟ್ ನಂಬರ್ ಬರೆದ ಬಿಲ್ ಕೇಳಿ ಪಡೆಯಿರಿ.

ಶಿವಾಜಿನಗರದ ಗುಜರಿಯಲ್ಲಿ ಟೈಮಿಂಗ್ ಕವರ್, ಬ್ರಾಕೆಟ್, ಬೋಲ್ಟುಗಳನ್ನು ಧಾರಾಳವಾಗಿ ಕೊಳ್ಳಿ. ಗಾಲಿಯನ್ನು ಮಾತ್ರ ಬೇಡ. ಬೇರೆ ಕಾರಿನಲ್ಲಿ ಎಷ್ಟು ಓಡಿ ಬಂದಿದೆಯೋ ಯಾರಿಗೆ ಗೊತ್ತು?

ಎಲ್ಲೂ ಸಿಗದ ಪೀಸಾದರೆ ಮೇಸ್ತ್ರಿಗಳು ಹೇಳುವ ಒಂದು ಉಪಾಯವಿದೆ: ಹಳೇ ಗಾಲಿಯಿಂದ ಬೇರಿಂಗ್ ಒತ್ತಿ ತೆಗೆದು, ಎಸ್.ಜೆ.ಪಿ. ರಸ್ತೆಯ ಬೇರಿಂಗ್ ಅಂಗಡಿಯಿಂದ ಹೊಸದನ್ನು ತಂದು ಕೂರಿಸುವುದು. ಉದಾಹರಣೆಗೆ, 6203 ಎಂದು ಕೆತ್ತಿದ್ದರೆ ಒಳರಂಧ್ರ 17 ಮಿ.ಮೀ., ಹೊರವ್ಯಾಸ 40, ದಪ್ಪ 12. ಅಳತೆ ಕೂಡಿದ ಮಾತ್ರಕ್ಕೆ ಎಂಜಿನ್ನಿನ ಬಿಸಿ ತಡೆಯುವ ಗ್ರೀಸ್, ಸೀಲ್ ಅದರಲ್ಲಿರುತ್ತದೆ ಎಂದೇನಿಲ್ಲ. ಬೇರೆ ದಾರಿಯೇ ಇಲ್ಲದ ಅಪರೂಪದ ಕಾರಿಗೆ, ಹೆಚ್ಚು ಬಿಸಿ ತಡೆಯುವ ಬೇರಿಂಗನ್ನೇ ಕೇಳಿ ಪಡೆದು ಹೀಗೆ ಮಾಡಿಸಬಹುದು. ಸ್ಯಾಂಟ್ರೊಗೋ ಮಾರುತಿ 800ಕ್ಕೋ ಈ ಸಾಹಸ ಬೇಕಿಲ್ಲ.

ಕೈಯಲ್ಲಿ ಹಿಡಿದು ನೋಡಿ

ಹೊಸ ಮತ್ತು ಹಳೇ ಗಾಲಿಗಳನ್ನು ಅಕ್ಕಪಕ್ಕ ಇಡಿ. ವ್ಯಾಸ, ಅಗಲ, ಬೋಲ್ಟ್ ರಂಧ್ರ, ಅಂಚಿನ ದಿಂಡು ಒಂದೇ ಇರಬೇಕು. ಆಮೇಲೆ ಬೆರಳಿನಿಂದ ತಿರುಗಿಸಿ. ಗ್ರೀಸ್ ತುಂಬಿದ ಹೊಸ ಬೇರಿಂಗ್ ತುಸು ತಡೆಯುತ್ತಾ ಮೆತ್ತಗೆ ತಿರುಗುತ್ತದೆ. ಬುಗುರಿಯ ಹಾಗೆ ಸರ್ರನೆ ತಿರುಗಿದರೆ ಖುಷಿ ಪಡಬೇಡಿ. ಗ್ರೀಸ್ ಒಣಗಿದ ಗಾಲಿ ಹಾಗೇ ತಿರುಗುವುದು. ನಮ್ಮ ಇಂಡಿಕಾದ ಟೆನ್ಷನರ್ “ಚೆನ್ನಾಗೇ ತಿರುಗಿದ್ದು” ಹೀಗೆಯೇ ಇರಬೇಕು. ಅಲ್ಲಾಡಿಸಿದರೆ ಕಟಕಟ ಎನ್ನಬಾರದು. ಬೆಲ್ಟನ್ನೂ ಕೊಳ್ಳುತ್ತಿದ್ದರೆ ಅದನ್ನು ಮಡಚಿ, ತಿರುವಿ ನೋಡಬೇಡಿ, ಒಳಗಿನ ದಾರ ಮುರಿಯುತ್ತದೆ.

ಕೂರಿಸುವಾಗ ಎದುರಿಗಿರಿ

ಟೆನ್ಷನರುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮಾರುತಿ 800ರಂಥ ಎಂಜಿನ್ನಿನಲ್ಲಿ ಸ್ಪ್ರಿಂಗ್ ಎಳೆತವೇ ಬಿಗಿಯನ್ನು ನಿಗದಿ ಮಾಡುತ್ತದೆ: ಬೋಲ್ಟ್ ಸಡಿಲವಿಟ್ಟು ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಆಮೇಲೆ ಬಿಗಿಯಬೇಕು. ಸ್ಕೋಡಾ ಆಕ್ಟೇವಿಯಾದ 1.9 ಟಿಡಿಐಯಂಥವುಗಳಲ್ಲಿ ಒಂದು ಮುಳ್ಳು ಇರುತ್ತದೆ. ಎಂಜಿನ್ ತಣ್ಣಗಿರುವಾಗ ಅದು ಗುರುತಿಗೆ ನೇರವಾಗಿ ನಿಲ್ಲಬೇಕು. ಮೂರನೆಯದು ಆಯಿಲ್ ತುಂಬಿದ ಸಣ್ಣ ಸಿಲಿಂಡರಿನ ಬಗೆ: ಹೊಸದರಲ್ಲಿ ರಾಡನ್ನು ಒಂದು ಪಿನ್ ಹಿಡಿದಿರುತ್ತದೆ, ಬೆಲ್ಟ್ ಏರಿಸಿದ ಮೇಲಷ್ಟೇ ಅದನ್ನು ಎಳೆಯುವುದು. ಹಳೆಯದರಲ್ಲಿ ಆಯಿಲ್ ಜಿನುಗಿದ್ದರೆ ಬದಲಿಸಲೇಬೇಕು.

ಯಾವ ಬಗೆಯಾದರೂ ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಟೈಮಿಂಗ್ ಗುರುತುಗಳು ಮತ್ತೆ ಕೂಡಿವೆಯೇ ಎಂದು ನೋಡಿಸಿ. ಎರಡು ಸುತ್ತಿಗೆ ಕ್ಯಾಮ್ ಒಂದು ಸುತ್ತು ಮುಗಿಸುವುದರಿಂದ ಎಲ್ಲ ವಾಲ್ವ್‌ಗಳೂ ಒಮ್ಮೆ ತೆರೆದು ಮುಚ್ಚಿರುತ್ತವೆ. ಏನಾದರೂ ತಡೆದರೆ ಅಲ್ಲೇ ನಿಲ್ಲಿಸಿ, ಜೋರು ಮಾಡಬಾರದು. ವಾಟರ್ ಪಂಪ್ ಇದೇ ಬೆಲ್ಟಿನಿಂದ ಓಡುವಂಥದ್ದಾದರೆ ಅದನ್ನೂ, ಹತ್ತಿರದ ಆಯಿಲ್ ಸೀಲುಗಳನ್ನೂ ಈಗಲೇ ಬದಲಿಸಿ. ಕವರ್ ಬಿಚ್ಚುವ ಕೂಲಿ ಎರಡು ಸಲ ಬೀಳುವುದಿಲ್ಲ.

ಕೊನೆಯಲ್ಲಿ ಕವರಿನ ಮೇಲೆ ಪೇಂಟ್ ಮಾರ್ಕರಿನಿಂದ ದಿನಾಂಕ, ಮೀಟರ್ ಅಂಕಿ ಮತ್ತು “ಬೆಲ್ಟ್ + ಟೆನ್ಷನರ್” ಎಂದು ಬರೆಸಿ. ನಮ್ಮ ಇಂಡಿಕಾದ ಕವರಿನ ಮೇಲೆ ಮುಂಚೆ “ಬೆಲ್ಟ್” ಎಂದಷ್ಟೇ ಇತ್ತು.