ಶನಿವಾರ ಏನು ಮಾಡ್ತೀರಿ? ಇಂಗ್ಲೆಂಡಿಗೆ ಹೊರಟ ಮಲೆನಾಡಿನವರಿಗೆ

ಆಗಸ್ಟ್‌ನಲ್ಲಿ ನಾವು ಇಂಗ್ಲೆಂಡಿನಿಂದ ತೀರ್ಥಹಳ್ಳಿಗೆ ಬಂದರೆ ಅಲ್ಲಿಗೆ ಹೊರಟವರು ಯಾರಾದರೂ ಮನೆಗೆ ಬಂದೇ ಬರುತ್ತಾರೆ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಮುಗಿಸಿದ ಹುಡುಗ, ನರ್ಸಿಂಗ್ ಕೆಲಸ ಸಿಕ್ಕ ಹುಡುಗಿ, ಹೆಂಡತಿ ಮಗು ಕಟ್ಟಿಕೊಂಡು ಹೊರಟ ಸಾಗರದ ಕಡೆಯವರು. ವೀಸಾ, ಬಾಡಿಗೆ, ಬ್ಯಾಂಕು ಎಲ್ಲ ಕೇಳುತ್ತಾರೆ. ಶನಿವಾರ ಏನು ಮಾಡೋದು ಅಂತ ಒಬ್ಬರೂ ಕೇಳುವುದಿಲ್ಲ. ಅಲ್ಲಿಗೆ ಹೋದ ಮೇಲೆ ಶುಕ್ರವಾರ ಸಂಜೆ ಆಫೀಸಿನಲ್ಲಿ ಪ್ರತಿಯೊಬ್ಬರೂ ಕೇಳುವುದು ಅದೊಂದನ್ನೇ.

ಕಾಗದಪತ್ರದ್ದು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಜಿಪಿ, ಅಂದರೆ ಹತ್ತಿರದ ಡಾಕ್ಟರ ಬಳಿ ಹೆಸರು ಬರೆಸಿ, ಕೆಲಸಕ್ಕೆ ಬೇಕಾದ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ತಗೊಳ್ಳಿ, ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್ ಮರೀಬೇಡಿ, ನಮ್ಮ ಲೈಸೆನ್ಸ್‌ನಲ್ಲಿ 12 ತಿಂಗಳು ಕಾರು ಓಡಿಸಬಹುದು, ಅಷ್ಟರೊಳಗೆ ಅಲ್ಲಿಯ ಥಿಯರಿ ಮತ್ತು ಡ್ರೈವಿಂಗ್ ಟೆಸ್ಟ್ ಎರಡೂ ಪಾಸಾಗಬೇಕು. ಆಯ್ತು. ಉಳಿದದ್ದನ್ನು ನಿಮ್ಮ ಎಚ್ಆರ್ ಹೇಳುತ್ತಾರೆ.

ಊರಲ್ಲಿ ರಜೆಯ ದಿನ ತಾನಾಗೇ ತುಂಬುತ್ತಿತ್ತು. ತೋಟಕ್ಕೆ ಕೊಳೆ ಔಷಧಿ ಹೊಡೆಯುವವರು ಬಂದರು, ಯಾರದ್ದೋ ಗೃಹಪ್ರವೇಶ, ಸೊಸೈಟಿ ಮೀಟಿಂಗು, ಪೇಟೆಗೆ ಹೋದರೆ ಸಿಕ್ಕವರ ಜೊತೆ ಕಾಫಿ. ಏನು ಮಾಡೋದು ಅಂತ ಯೋಚಿಸುವ ಹೊತ್ತಿಗೆ ದೀಪ ಹಚ್ಚುವ ಹೊತ್ತಾಗಿರುತ್ತಿತ್ತು. ಅಲ್ಲಿ ಹಾಗಲ್ಲ. ಹೇಳದೆ ಕೇಳದೆ ಯಾರೂ ಬಾಗಿಲು ತಟ್ಟುವುದಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಮನೆಯಲ್ಲಿ ನೀವು, ಹೆಂಡತಿ, ಮಕ್ಕಳು, ಹೀಟರ್.

ಆ ಖಾಲಿ ಹೊತ್ತನ್ನು ನಮ್ಮವರು ತುಂಬುವುದು ಶಾಪಿಂಗಿನಿಂದ. ಬೆಳಗ್ಗೆ ಇಂಡಿಯನ್ ಅಂಗಡಿ, ಮಧ್ಯಾಹ್ನ ಮಾಲು, ಸಂಜೆ ಅದನ್ನೆಲ್ಲ ಬಿಚ್ಚಿ ನೋಡುವುದು. ಮಕ್ಕಳಿಗೆ ಹೊರಗೆ ಹೋಗೋದು ಅಂದರೆ ಪಾರ್ಕಿಂಗ್ ಹುಡುಕೋದು ಅಂತಲೇ ಅರ್ಥ ಆಗಿಹೋಗುತ್ತದೆ. ಇದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ನಾನೂ ಇದನ್ನೇ ಮಾಡಿದವನು, ಅದಕ್ಕೇ ಸಿಟ್ಟು ಸ್ವಲ್ಪ ಜಾಸ್ತಿ. ನವೆಂಬರ್ ಸೇಲ್‌ನಲ್ಲಿ ಕೊಂಡ ಟೆಂಟು, ಬಾರ್ಬೆಕ್ಯೂ, ಬ್ರೆಡ್ ಮಾಡುವ ಮಷೀನು ಎಲ್ಲ ನಮ್ಮ ಗ್ಯಾರೇಜಿನಲ್ಲಿವೆ. ಒಂದು ಟೆಲಿಸ್ಕೋಪ್ ಕೂಡ ಇದೆ. ಉತ್ತರ ಇಂಗ್ಲೆಂಡಿನಲ್ಲಿ ಟೆಲಿಸ್ಕೋಪ್! ಮೋಡದ ಹೊಟ್ಟೆಯನ್ನು ಅಷ್ಟು ಹತ್ತಿರದಿಂದ ನೋಡಿದವರು ನಮ್ಮ ವಂಶದಲ್ಲಿ ಇನ್ನೊಬ್ಬರಿಲ್ಲ.

ಮೊದಲ ವರ್ಷ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ಎರಡೇ. ಒಳ್ಳೆಯ ರೈನ್‌ಕೋಟು, ನೀರು ಹೋಗದ ಬೂಟು. ಆಗುಂಬೆ ಮಳೆ ಕಂಡವರಿಗೆ ಇದೆಲ್ಲ ಯಾವ ಲೆಕ್ಕ ಅಂತ ನಗಬೇಡಿ. ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರು ಲೇಕ್ ಡಿಸ್ಟ್ರಿಕ್ಟ್‌ನ ಸೀತ್‌ವೇಟ್. ಅಲ್ಲೇ ವರ್ಷಕ್ಕೆ ಸುಮಾರು 3,500 ಮಿ.ಮೀ. ಆಗುಂಬೆಗೆ ಬೀಳುವುದು 7,000 ಮಿ.ಮೀ.ಗೂ ಮೇಲೆ. ಆದರೆ ನಮ್ಮ ಮಳೆ ನೆಟ್ಟಗೆ ಬೀಳುತ್ತದೆ, ನಿಂತರೆ ನಿಲ್ಲುತ್ತದೆ. ಅಲ್ಲಿಯದು ಗಾಳಿ ಜೊತೆ ಅಡ್ಡಡ್ಡ ಬಂದು ಕಾಲರಿನೊಳಗೆ ಇಳಿಯುತ್ತದೆ. ಕೊಡೆ ಉಪಯೋಗಕ್ಕೆ ಬರುವುದಿಲ್ಲ.

ಉಳಿದದ್ದನ್ನು ಚಾರಿಟಿ ಶಾಪ್‌ನಲ್ಲಿ, ಜನ ಕಾರಿನ ಡಿಕ್ಕಿಯಲ್ಲಿ ಹಳೇ ಸಾಮಾನು ತಂದು ಮಾರುವ ಭಾನುವಾರ ಬೆಳಗಿನ ಕಾರ್ ಬೂಟ್ ಸೇಲ್‌ನಲ್ಲಿ ತಗೊಳ್ಳಿ. ಅವರಿವರ ಹಳೇ ಸಾಮಾನು ಅಂತ ಮುಖ ಸಿಂಡರಿಸಬೇಡಿ. ಮಕ್ಕಳ ಸೈಕಲ್, ಪುಸ್ತಕ, ಕುರ್ಚಿ ಎಲ್ಲ ಅಲ್ಲೇ ಸಿಗುತ್ತವೆ. ಮಿಕ್ಸಿ ಊರಿಂದಲೇ ಒಯ್ಯಿರಿ. ಅಲ್ಲಿಯೂ 230 ವೋಲ್ಟ್, ಪ್ಲಗ್ ಬದಲಿಸಿದರೆ ಸಾಕು. ಶ್ಯಾವಿಗೆ ಒರಳು, ಕಡುಬಿನ ಪಾತ್ರೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲೇ ತಗೊಂಡು ಸೂಟ್‌ಕೇಸಿನ ಅಡಿಗೆ ಹಾಕಿ. ತುಪ್ಪದ ಡಬ್ಬಿ ಮಾತ್ರ ಬೇಡ. ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಅಮ್ಮ ಕಾಯಿಸಿದ ತುಪ್ಪ ಏರ್‌ಪೋರ್ಟಿನ ಕಸದ ಬುಟ್ಟಿಗೆ ಬೀಳುವುದನ್ನು ನೋಡುವುದಕ್ಕಿಂತ ಇಲ್ಲೇ ಹೊಟ್ಟೆ ತುಂಬ ತಿಂದು ಹೊರಡಿ.

ಈಗ ನನ್ನ ಮೀನಿನ ವಿಷಯ. ಮೀನು ಮುಟ್ಟದವರು ಸ್ವಲ್ಪ ಮುಂದೆ ಹೋಗಿ, ನಿಮಗೆ ತರಕಾರಿ ಇದೆ.

ಹೊಳೆ ದಂಡೆಯ ಊರಿನವನು, ಮೀನು ಹಿಡಿಯೋಕೆ ಯಾರನ್ನು ಕೇಳಬೇಕು ಅಂತ ಸುಮ್ನೆ ಗಾಳ ಹಿಡಿದು ಹೊರಟಿದ್ದೆ. ಪುಣ್ಯಕ್ಕೆ ಪಕ್ಕದ ಮನೆಯ ಮುದುಕರು ಬಾಗಿಲಲ್ಲೇ ತಡೆದರು. ಅಲ್ಲಿ 13 ವರ್ಷ ತುಂಬಿದ ಯಾರೇ ಆಗಲಿ, ಹೊಳೆ ಕೆರೆಗೆ ಗಾಳ ಹಾಕಲು ಲೈಸೆನ್ಸ್ ಬೇಕು. 13ರಿಂದ 16 ವರ್ಷದವರಿಗೆ ಅದು ಪುಕ್ಕಟೆ, ಆದರೂ ಕೈಯಲ್ಲಿ ಇರಬೇಕು. ಇಲ್ಲದಿದ್ದರೆ 2,500 ಪೌಂಡ್‌ವರೆಗೆ ದಂಡ. ಅದು ಸರ್ಕಾರದ್ದು. ಅದರ ಮೇಲೆ ಆ ನೀರು ಯಾರದ್ದೋ ಅವರ ಪರ್ಮಿಟ್ ಬೇರೆ, ಹೆಚ್ಚಾಗಿ ಒಂದು ಕ್ಲಬ್ಬಿನದು. ಇಷ್ಟೆಲ್ಲ ಆಗಿ ಮೀನು ಸಿಕ್ಕಿದರೆ, ತೂಕ ನೋಡಿ, ಫೋಟೋ ತೆಗೆದು, ಹೆಚ್ಚಿನ ಕಡೆ ವಾಪಸ್ ನೀರಿಗೆ ಬಿಡಬೇಕು! ನಮ್ಮ ದೊಡ್ಡಪ್ಪನಿಗೆ ಇದನ್ನು ಹೇಳಿದಾಗ ಕವಳ ಉಗಿದು ಬಂದು ಕೇಳಿದರು: "ಹಿಡಿದು ಮತ್ತೆ ಬಿಡೋದಾ? ಹಂಗಾದ್ರೆ ಮೀನಿಗೂ ಕೆಲಸ ಇಲ್ಲ, ನಿಂಗೂ ಕೆಲಸ ಇಲ್ಲ."

ಕೆಲಸ ಇಲ್ಲದ್ದೇ ನನ್ನ ತೊಂದರೆಯಾಗಿತ್ತು. ಆ ದಂಡೆಯ ಮೇಲೆ ಕೂತ ಗಂಡಸರು ಮಾತು ಕಡಿಮೆ ಆಡುತ್ತಿದ್ದರು. ಆದರೆ ಅಲ್ಲಿ ಮೊದಲ ಬಾರಿ ಯಾರೋ ನನ್ನನ್ನು ವೀಸಾ ಎಷ್ಟು ವರ್ಷದ್ದು, ವಾಪಸ್ ಯಾವಾಗ ಅಂತೆಲ್ಲ ಕೇಳದೆ, ಯಾವ ಎರೆ ಹಾಕಿದ್ದೀಯ ಅಂತ ಕೇಳಿದರು. ಚಳಿಗಾಲದಲ್ಲಿ ದಂಡೆಯ ಮುಳ್ಳು ಸವರುವ ಕೆಲಸಕ್ಕೆ ಕರೆದರು. ಕತ್ತಿ ಹಿಡಿಯೋಕೆ ಬರುತ್ತದೆ ಅಂತ ಗೊತ್ತಾದ ಮೇಲೆ ನಾನು ಬರದಿದ್ದರೆ ಫೋನ್ ಬರತೊಡಗಿತು. ಗಾಳವನ್ನು ಕಾರ್ ಬೂಟ್ ಸೇಲ್‌ನಲ್ಲಿ ತಗೊಂಡಿದ್ದೆ. ಗ್ಯಾರೇಜಿನ ಅಷ್ಟೂ ಸಾಮಾನು ಕೊಡದೇ ಇದ್ದದ್ದನ್ನು ಅದು ಕೊಟ್ಟಿತು. ನಿಮಗೆ ಮೀನೇ ಆಗಬೇಕಂತಿಲ್ಲ. ಶನಿವಾರ ಬೆಳಗ್ಗೆ 9 ಗಂಟೆಗೆ ಊರೂರಿನ ಪಾರ್ಕುಗಳಲ್ಲಿ ಪಾರ್ಕ್‌ರನ್ ಅಂತ 5 ಕಿ.ಮೀ. ಓಟ ನಡೆಯುತ್ತದೆ, ಪುಕ್ಕಟೆ, ನಡೆದರೂ ನಡೆಯುತ್ತದೆ. ಓಡಲು ಆಗದವರು ಟೈಮ್ ಬರೆಯುವ ಕೆಲಸಕ್ಕೆ ನಿಲ್ಲಬಹುದು. ನೀವು ಹೋಗದಿದ್ದರೆ ನಾಲ್ಕು ಜನ ವಿಚಾರಿಸುವ ಜಾಗ ಒಂದಿರಲಿ.

ಮೀನಿನ ವಿಷಯದಲ್ಲಿ ಇನ್ನೊಂದು ಇದೆ. ಅಲ್ಲಿಯ ಹೊಳೆಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಟ್ರೌಟ್, ಸಾಲ್ಮನ್ ಬಿಟ್ಟು ಬೇರೆ ಮೀನಿಗೆ ಗಾಳ ಹಾಕುವಂತಿಲ್ಲ. ಮೊಟ್ಟೆ ಇಡುವ ಕಾಲ. ನಮ್ಮಲ್ಲಿ? ಜೂನ್‌ನ ಮೊದಲ ಮಳೆಗೆ ಹಳ್ಳ ಕೆಂಪಾಗಿ ಏರಿತು ಅಂದರೆ ಟಾರ್ಚು, ಕತ್ತಿ, ಕೂಣಿ ಹಿಡಿದು ಎಲ್ಲರೂ ಗದ್ದೆಬಯಲಿನಲ್ಲಿ. ಹತ್ತುಮೀನು! ಮೊಟ್ಟೆ ಇಡಲು ಮೇಲೆ ಹತ್ತಿ ಬರುವ ಮೀನನ್ನೇ ಹೊಡೆದು, ಮೊಟ್ಟೆ ಸಮೇತ ಸಾರು ಮಾಡಿ ಕಡುಬಿನ ಜೊತೆ ತಿಂದವರು ನಾವು. ನನ್ನ ಬಾಲ್ಯದ ಅತಿ ಸಂತೋಷದ ರಾತ್ರಿಗಳು ಅವು. ಮಗನಿಗೆ ಖುಷಿಯಿಂದ ಹೇಳುತ್ತಾ ಹೋದೆ. ಅವನು ಕೇಳಿದ, "ಹಾಗಾದ್ರೆ ಮರಿಗಳು?" ಈ ಸಲ ಅವನನ್ನು ಚಿಪ್ಪಲಗುಡ್ಡೆಯ ಮತ್ಸ್ಯಧಾಮಕ್ಕೆ ಕರೆದುಕೊಂಡು ಹೋದೆ. ಅದೇ ತುಂಗೆ, ಮಂಡಕ್ಕಿ ಹಾಕಿದರೆ ಕಾಲಬುಡಕ್ಕೆ ಮೀನು. ನಮ್ಮಲ್ಲೂ ದೇವರ ಹೆಸರಲ್ಲಿ ಹೊಳೆ ಕಾಯುವ ಪದ್ಧತಿ ಇದೆ ಅಂತ ತೋರಿಸಿದೆ. ಅವನಿಗೆ ಪೂರ್ತಿ ಸಮಾಧಾನ ಆದಂತೆ ಕಾಣಲಿಲ್ಲ. ನನಗೂ ಇಲ್ಲ.

ತರಕಾರಿಯವರಿಗೆ: ಅಲಾಟ್‌ಮೆಂಟ್ ಅಂತ ಕೌನ್ಸಿಲ್‌ನವರು ಬಾಡಿಗೆಗೆ ನೆಲ ಕೊಡುತ್ತಾರೆ. ಪೂರ್ತಿ ಒಂದು ಪಾಲು ಅಂದರೆ ಸುಮಾರು 250 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಕಾಯುವ ಪಟ್ಟಿ ಎಷ್ಟೋ ಕಡೆ ವರ್ಷಗಟ್ಟಲೆ ಇರುತ್ತದೆ, ಮೊದಲ ವಾರವೇ ಹೆಸರು ಬರೆಸಿ. ಮೇ ಮಧ್ಯದವರೆಗೂ ರಾತ್ರಿ ಇಬ್ಬನಿ ಹೆಪ್ಪುಗಟ್ಟಬಹುದು, ಅವಸರ ಬೇಡ. ಮೆಂತ್ಯ, ಕೊತ್ತಂಬರಿ, ಹರಿವೆ ಬರುತ್ತವೆ. ಬಸಳೆ ಹೊರಗೆ ಬದುಕುವುದಿಲ್ಲ. ಪತ್ರೊಡೆಗೆ ಕೆಸುವಿನ ಎಲೆ ಬೇಕಾದರೆ ಗುಜರಾತಿ ಅಂಗಡಿಯ ಫ್ರೀಜರ್ ನೋಡಿ, ಅವರೂ ಅದನ್ನೇ ಪಾತ್ರಾ ಅಂತ ಮಾಡುತ್ತಾರೆ.

ಇದ್ಯಾವುದೂ ಬೇಡ ಅಂದರೆ ನಡೆಯಿರಿ. ಇಂಗ್ಲೆಂಡ್, ವೇಲ್ಸ್ ಸೇರಿ 2 ಲಕ್ಷ ಕಿ.ಮೀ.ಗೂ ಜಾಸ್ತಿ ಕಾಲುದಾರಿ ಇದೆ. ಯಾರದ್ದೋ ಗದ್ದೆ ನಡುವೆಯೇ ಹೋಗುತ್ತದೆ, ಆದರೂ ನಡೆಯುವ ಹಕ್ಕು ಎಲ್ಲರದ್ದು. ಆರ್ಡ್‌ನನ್ಸ್ ಸರ್ವೆ ಅನ್ನುವ ಸರ್ಕಾರಿ ನಕ್ಷೆ ಸಂಸ್ಥೆಯ ಕಿತ್ತಳೆ ರಟ್ಟಿನ ನಕ್ಷೆಯಲ್ಲಿ ಹಸಿರು ಗೆರೆ ನೋಡಿಕೊಂಡು ಹೊರಡಿ. ಬೇಲಿಗೆ ದಣಪೆ, ಹಳ್ಳಕ್ಕೆ ಸಂಕ, ಎಲ್ಲ ನಮ್ಮಲ್ಲಿಯ ಹಾಗೇ ಇವೆ. ಕರು ಜೊತೆಗಿರುವ ಹಸುಗಳಿಂದ ದೂರ ಇರಿ, ಅವು ಕೊಟ್ಟಿಗೆಯ ಗೌರಿಯಲ್ಲ. ಆಗಸ್ಟ್ ಕೊನೆಯಿಂದ ಬೇಲಿ ತುಂಬ ಬ್ಲ್ಯಾಕ್‌ಬೆರಿ. ಮನೆಗೆ ಅಂತ ಕಿತ್ತರೆ ತಕರಾರಿಲ್ಲ. ಕವಳೆಹಣ್ಣು, ಬಿಕ್ಕೆಹಣ್ಣು ಕಿತ್ತ ಕೈಗೆ ಅದು ಬೇಗ ಒಗ್ಗುತ್ತದೆ. ಅಣಬೆಗೆ ಮಾತ್ರ ಕೈ ಹಾಕಲೇಬೇಡಿ. ಹುತ್ತದ ಮೇಲೆ ಎದ್ದ ಅಣಬೆಯನ್ನು ಅಜ್ಜಿ ಗುರುತು ಹಿಡಿಯುತ್ತಿದ್ದರು. ಅಲ್ಲಿ ಗೆದ್ದಲು ಹುತ್ತವೂ ಇಲ್ಲ, ಅಜ್ಜಿಯೂ ಇಲ್ಲ. ಡೆತ್ ಕ್ಯಾಪ್ ಅನ್ನುವ ಅಣಬೆ ನೋಡೋಕೆ ಸಾಧು, ತಿಂದವರ ಲಿವರ್ ಹೋಗುತ್ತದೆ.

ಮಕ್ಕಳನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿ. ರಾಷ್ಟ್ರೀಯ ಮ್ಯೂಸಿಯಂಗಳಿಗೆ ಟಿಕೆಟ್ ಇಲ್ಲ. ನಮ್ಮ ಕಡೆ, ಉತ್ತರ ಇಂಗ್ಲೆಂಡಿಗೆ ಬರುವವರಾದರೆ ಟೀಸ್‌ಡೇಲ್‌ನ ಹೈ ಫೋರ್ಸ್ ಜಲಪಾತಕ್ಕೂ ಹೋಗಿ. ಬೌಲೀಸ್ ಅನ್ನುವ ಜಾಗದಿಂದ ಹೊಳೆ ದಾಟಿ ಪೆನೈನ್ ವೇ ಅನ್ನುವ ಕಾಲುದಾರಿಯಲ್ಲಿ ನಡೆದರೆ ಕಾಸು ಕೊಡಬೇಕಾಗಿಲ್ಲ. ಎತ್ತರ ಸುಮಾರು 21 ಮೀಟರ್. ಜೋಗ 253 ಮೀಟರ್. ನಾನು ಅಲ್ಲಿ ನಿಂತು ಜೋಗದ ಬಗ್ಗೆ ಒಂದು ಭಾಷಣವನ್ನೇ ಮಾಡಿದ್ದೆ. ಮುಂದಿನ ಆಗಸ್ಟ್‌ನಲ್ಲಿ ಮಗಳನ್ನು ಜೋಗಕ್ಕೆ ಕರೆದುಕೊಂಡು ಬಂದರೆ ಪೂರ್ತಿ ಮಂಜು. ತುಂಬ ಹೊತ್ತು ಕಾದ ಮೇಲೆ ಮಂಜು ಸರಿದು ನಾಲ್ಕೂ ಕವಲು ಕಂಡವು. ಅವಳು ನೋಡಿದಳು, ಚೆನ್ನಾಗಿದೆ ಅಂದಳು, ಹೈ ಫೋರ್ಸ್ ಇನ್ನೂ ಇಷ್ಟ ಅಂದಳು. ನನಗೆ ಎದೆಗೆ ಒದ್ದ ಹಾಗಾಯಿತು. ವಾಪಸ್ ಬರುತ್ತಾ ತಾಳಗುಪ್ಪ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ ಯೋಚಿಸಿದರೆ, ಅಲ್ಲಿ ಅವಳು ಗೆಳತಿಯರ ಜೊತೆ ಕಲ್ಲಿನ ಮೇಲೆ ಜಾರಿ ಬಿದ್ದಿದ್ದಾಳೆ, ಒದ್ದೆ ಸಾಕ್ಸ್‌ನಲ್ಲಿ ಸ್ಯಾಂಡ್‌ವಿಚ್ ತಿಂದಿದ್ದಾಳೆ. ಜೋಗವನ್ನು ಕಂಬಿಯ ಆಚೆಯಿಂದ, ಅಪ್ಪನ ವಿವರಣೆ ಸಮೇತ ನೋಡಿದ್ದಾಳೆ. ಇಷ್ಟ ಆಗೋದಾದರೂ ಹೇಗೆ?

ಹಾಗಾಗಿ ಊರಿಗೆ ಬಂದಾಗ ಸ್ಥಳ ತೋರಿಸುವುದನ್ನು ಕಡಿಮೆ ಮಾಡಿದ್ದೇವೆ. ಸಕ್ರೆಬೈಲಿನ ಆನೆ ಸ್ನಾನ ನೋಡೋಕೆ ಬೆಳಗ್ಗೆಯೇ ಹೋಗಬೇಕು, ಅದೊಂದು ಇರಲಿ. ಉಳಿದ ದಿನ ಮಕ್ಕಳನ್ನು ಚಿಕ್ಕಪ್ಪನ ಜೊತೆ ತೋಟಕ್ಕೆ ಬಿಡುತ್ತೇವೆ. ಇಂಬಳ ಕಚ್ಚಿದರೆ ಮೊದಲ ದಿನ ಕಿರುಚುತ್ತಾರೆ, ಮೂರನೇ ದಿನ ತಾವೇ ಸುಣ್ಣ ಹಚ್ಚಿಕೊಳ್ಳುತ್ತಾರೆ. ಅವರಿಗೆ ನಿಜವಾಗಿ ಇಷ್ಟವಾಗಿದ್ದು ಸಿಗಂದೂರಿಗೆ ಹೋಗುವ ಲಾಂಚ್. ಕಾರಿನ ಸಮೇತ ಶರಾವತಿ ಹಿನ್ನೀರು ದಾಟೋದು. 2025ರ ಜುಲೈನಲ್ಲಿ ಸೇತುವೆ ಆಯಿತು. ಮಕ್ಕಳು ಬೇಜಾರು ಮಾಡಿಕೊಂಡರು, ಜೊತೆಗೆ ನಾನೂ. ಹಿನ್ನೀರಿನ ಆಚೆಯ ತುಮರಿ ಕಡೆಯ ನೆಂಟರು ನನ್ನ ಮುಖ ನೋಡಿ, "ರಾತ್ರಿ ಹೆರಿಗೆ ನೋವು ಬಂದ್ರೆ ಲಾಂಚ್ ಇರ್ತಿರ್ಲಿಲ್ಲ ಮಾರಾಯ" ಅಂದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗಿನಿಂದ ಕಾದವರು ಅವರು. ವರ್ಷಕ್ಕೊಮ್ಮೆ ಬಂದು ಹಳೆಯದೆಲ್ಲ ಹಾಗೇ ಇರಬೇಕು ಅನ್ನೋಕೆ ನಾನ್ಯಾರು?

ಕೊನೆಗೆ ಒಂದು ಲೆಕ್ಕ, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಇಂಗ್ಲೆಂಡಿನ ಶಾಲೆಗೆ ದೊಡ್ಡ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ. ಅಂದರೆ ಮಕ್ಕಳು ಕಾಣುವ ಮಲೆನಾಡು ಯಾವಾಗಲೂ ಮಳೆಗಾಲದ್ದೇ. ನಮ್ಮ ಮಕ್ಕಳು ಮರದಲ್ಲಿ ಹಣ್ಣಾದ ಹಲಸು ಕಂಡಿಲ್ಲ, ಹಪ್ಪಳ ಮಾತ್ರ ಗೊತ್ತು. ಮೇ ತಿಂಗಳ ಮದುವೆಗಳು, ಮಾವಿನ ಹಣ್ಣು, ಹೊಳೆಯಲ್ಲಿ ಈಜು ಯಾವುದೂ ಇಲ್ಲ. ತಮ್ಮನ ಮದುವೆ ಅಂತ ಶಾಲೆ ತಪ್ಪಿಸಿ ಐದು ದಿನ ಕರೆದುಕೊಂಡು ಬಂದರೂ ದಂಡ ಬೀಳಬಹುದು. ಒಂದು ಮಗುವಿಗೆ, ಅಪ್ಪ ಅಮ್ಮ ಇಬ್ಬರಿಗೂ ಬೇರೆ ಬೇರೆ, ತಲಾ 160 ಪೌಂಡ್. 21 ದಿನದೊಳಗೆ ಕಟ್ಟಿದರೆ 80. ಆದರೆ ಶಾಲೆ ಕಡ್ಡಾಯ ಆಗುವುದು ಐದು ವರ್ಷ ತುಂಬಿದ ಮುಂದಿನ ಟರ್ಮ್‌ನಿಂದ. ಸಣ್ಣ ಮಕ್ಕಳಿರುವವರು ಅಷ್ಟರೊಳಗೆ ಒಂದೆರಡು ಸಲವಾದರೂ ಮೇ ತಿಂಗಳಲ್ಲಿ ಬಂದುಬಿಡಿ. ಟಿಕೆಟ್ ತುಟ್ಟಿ, ಆಗಲಿ. ನಾವು ಆ ವರ್ಷಗಳಲ್ಲಿ ಟಿಕೆಟ್ ಅಗ್ಗ ಅಂತ ಫೆಬ್ರವರಿಯಲ್ಲಿ ಬಂದು, ಉಳಿದ ದುಡ್ಡಿನಲ್ಲಿ ಟೆಂಟು ಕೊಂಡೆವು.