ಆಫೀಸಿಗೆ ಆರ್ಮ್ ಲ್ಯಾಪ್‌ಟಾಪ್ ಬಂತಾ? ಸಾಫ್ಟ್‌ವೇರ್ ಕಳಿಸುವ ಮುನ್ನ ಇಷ್ಟು ಮಾಡಿ

ಇಂಟೆಲ್ ಬದಲು ಆರ್ಮ್ ವಿನ್ಯಾಸದ ಸ್ನಾಪ್‌ಡ್ರಾಗನ್ ಎಕ್ಸ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳು 2024ರ ಜೂನ್‌ನಲ್ಲಿ ಅಂಗಡಿಗೆ ಬಂದವು. ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ ಅಂತ ಕೇಳಿ ತರಿಸಿಕೊಳ್ಳುವವರು ಆಫೀಸಿಗೊಬ್ಬರಾದರೂ ಇರುತ್ತಾರೆ. ತಲೆಬಿಸಿ ಮಾತ್ರ ಐಟಿಯವರದ್ದು. ಇಂಟೆಲ್ ಯಂತ್ರಗಳಿಗೆಂದು ಇನ್‌ಟ್ಯೂನ್‌ನಲ್ಲಿ (ಆಫೀಸಿನ ಯಂತ್ರಗಳಿಗೆ ದೂರದಿಂದಲೇ ಸಾಫ್ಟ್‌ವೇರ್ ಕಳಿಸುವ ಮೈಕ್ರೋಸಾಫ್ಟ್ ಟೂಲ್) ಕಟ್ಟಿಟ್ಟ ಪ್ಯಾಕೇಜ್‌ಗಳು ಇವಕ್ಕೂ ನಡೆಯುತ್ತವೆಯೇ? ಬಹುಪಾಲು ನಡೆಯುತ್ತವೆ. ಎಲ್ಲಿ ಕೈಕೊಡುತ್ತವೆ ಅನ್ನುವುದು ಗೊತ್ತಿರಬೇಕು, ಅಷ್ಟೆ.

ಮೊದಲು ನಿಮ್ಮ ಆ್ಯಪ್‌ಗಳನ್ನು ಮೂರು ಪಾಲು ಮಾಡಿ. ಕ್ರೋಮ್, ಟೀಮ್ಸ್‌ನಂಥವಕ್ಕೆ ಆರ್ಮ್64 (ಆರ್ಮ್ ಚಿಪ್‌ನ 64 ಬಿಟ್) ಆವೃತ್ತಿಯೇ ಇದೆ. ಅದನ್ನೇ ಹಾಕಿ. ಎರಡನೆಯದು ಇಂಟೆಲ್ ಆವೃತ್ತಿ ಮಾತ್ರ ಇರುವಂಥವು. ವಿಂಡೋಸ್ 11 ಇವನ್ನು ಎಮ್ಯುಲೇಶನ್‌ನಲ್ಲಿ, ಅಂದರೆ ಇಂಟೆಲ್ ಆದೇಶಗಳನ್ನು ಆರ್ಮ್‌ಗೆ ಅನುವಾದಿಸುತ್ತಾ, ಓಡಿಸುತ್ತದೆ, 32 ಬಿಟ್, 64 ಬಿಟ್ ಎರಡನ್ನೂ. 24ಎಚ್2 ಆವೃತ್ತಿಯಿಂದ ಇದಕ್ಕೆ ಪ್ರಿಸಂ ಎಂಬ ಹೊಸ ಎಮ್ಯುಲೇಟರ್ ಬಂದಿದೆ. ಆರ್ಮ್ ಆವೃತ್ತಿ ಬರಲಿ ಅಂತ ಕಾಯುತ್ತಾ ಕೂರಬೇಡಿ, ಸುಮ್ನೆ ಹಾಕಿ ನೋಡಿ.

ಮೂರನೆಯ ಪಾಲಿನದ್ದೇ ನಿಜವಾದ ತಕರಾರು. ಕರ್ನಲ್ ಡ್ರೈವರ್‌ಗೆ (ವಿಂಡೋಸ್‌ನ ತಿರುಳಿನಲ್ಲೇ ಓಡುವ ಸಾಫ್ಟ್‌ವೇರ್) ಎಮ್ಯುಲೇಶನ್ ಇಲ್ಲವೇ ಇಲ್ಲ. ವಿಪಿಎನ್, ಆಂಟಿವೈರಸ್, ಹಳೆಯ ಬಾರ್‌ಕೋಡ್ ಪ್ರಿಂಟರ್, ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್, ಹೀಗೆ ಡ್ರೈವರ್ ಬೇಡುವ ಪ್ರತಿಯೊಂದಕ್ಕೂ ಆರ್ಮ್64 ಡ್ರೈವರ್ ಇದೆಯಾ ಅಂತ ಕಂಪನಿಯವರನ್ನು ಕೇಳಿ. ‘64 ಬಿಟ್ ಇದೆ ಸಾರ್’ ಅಂದರೆ ಒಪ್ಪಬೇಡಿ. ಅದು ಇಂಟೆಲ್‌ನ 64 ಬಿಟ್ ಇರಬಹುದು.

ಈಗ ಟೂಲ್‌ನ ಸರದಿ. ಇನ್‌ಟ್ಯೂನ್‌ನಲ್ಲಿ ವಿನ್32 (ಮಾಮೂಲಿ ಡೆಸ್ಕ್‌ಟಾಪ್) ಆ್ಯಪ್ ಸೇರಿಸುವಾಗ ರಿಕ್ವೈರ್‌ಮೆಂಟ್ಸ್ ಪುಟದಲ್ಲಿ ಆರ್ಕಿಟೆಕ್ಚರ್ ಆಯ್ಕೆ ಸಿಗುತ್ತದೆ. ಆರ್ಮ್64 ಪ್ಯಾಕೇಜ್‌ಗೆ ಆರ್ಮ್64 ಮಾತ್ರ ಟಿಕ್ ಮಾಡಿ. ಇಂಟೆಲ್ ಪ್ಯಾಕೇಜ್ ಎರಡೂ ಕಡೆ ಹೋಗಬೇಕಾದರೆ ಎರಡನ್ನೂ ಟಿಕ್ ಮಾಡಿ.

ಸ್ಕ್ರಿಪ್ಟ್ ಬರೆದು ಇನ್‌ಸ್ಟಾಲ್ ಮಾಡುವವರು ಇಲ್ಲಿ ಸ್ವಲ್ಪ ನಿಲ್ಲಿ. ‘ಪ್ರೊಸೆಸರ್ ಆರ್ಕಿಟೆಕ್ಚರ್’ ಎನ್ವಿರಾನ್‌ಮೆಂಟ್ ವೇರಿಯಬಲ್ ನೋಡಿ ಯಂತ್ರ ಯಾವುದೆಂದು ತೀರ್ಮಾನಿಸುವುದು ಹಳೇ ರೂಢಿ. ಅದು ಹೇಳುವುದು ಸ್ಕ್ರಿಪ್ಟ್ ಓಡುತ್ತಿರುವ ಪ್ರೊಸೆಸ್ ಯಾವುದು ಅಂತ. 32 ಬಿಟ್ ಪವರ್‌ಶೆಲ್‌ನಲ್ಲಿ ಓಡಿದರೆ ಆರ್ಮ್ ಯಂತ್ರದಲ್ಲೂ ‘ಎಕ್ಸ್86’ ಅನ್ನುತ್ತದೆ. ಎಮ್ಯುಲೇಶನ್‌ನಲ್ಲಿರುವ 64 ಬಿಟ್ ಪ್ರೊಸೆಸ್ ಆದರೆ ‘ಎಎಂಡಿ64’. ಅದರ ಬದಲು ಡಬ್ಲ್ಯುಎಂಐನ (ಯಂತ್ರದ ವಿವರ ಕೊಡುವ ವಿಂಡೋಸ್ ಸೌಲಭ್ಯ) ಪ್ರೊಸೆಸರ್ ಕ್ಲಾಸ್‌ನಲ್ಲಿರುವ ಆರ್ಕಿಟೆಕ್ಚರ್ ಸಂಖ್ಯೆ ಓದಿ. 12 ಇದ್ದರೆ ಆರ್ಮ್64, 9 ಇದ್ದರೆ ಇಂಟೆಲ್ ಅಥವಾ ಎಎಂಡಿಯ 64 ಬಿಟ್.

ಡಿಟೆಕ್ಷನ್ ರೂಲ್‌ನಲ್ಲೂ (ಆ್ಯಪ್ ಆಗಲೇ ಇದೆಯಾ ಅಂತ ಇನ್‌ಟ್ಯೂನ್ ನೋಡುವ ನಿಯಮ) ಒಂದು ಗುಂಡಿ ಇದೆ. ಆರ್ಮ್64 ಆ್ಯಪ್, ಇಂಟೆಲ್ 64 ಬಿಟ್ ಆ್ಯಪ್ ಎರಡೂ ಕೂರುವುದು ‘ಪ್ರೋಗ್ರಾಮ್ ಫೈಲ್ಸ್’ ಫೋಲ್ಡರ್‌ನಲ್ಲೇ. ಬರೀ ಫೋಲ್ಡರ್ ನೋಡುವ ರೂಲ್ ಇದ್ದರೆ, ಇಂಟೆಲ್ ಆವೃತ್ತಿ ಇರುವ ಕಡೆ ಆರ್ಮ್ ಪ್ಯಾಕೇಜ್ ‘ಆಗಲೇ ಇದೆ’ ಅಂತ ಸುಮ್ಮನಾಗುತ್ತದೆ. ಹಳೆಯದನ್ನು ಮೊದಲು ತೆಗೆಸಿ, ಆಮೇಲೆ ಹೊಸದು ಕಳಿಸಿ. ಯಾವುದು ಓಡುತ್ತಿದೆ ಅಂತ ನೋಡಲು ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿ ಆರ್ಕಿಟೆಕ್ಚರ್ ಕಾಲಂ ಸೇರಿಸಿಕೊಳ್ಳಿ.

ಎಲ್ಲರಿಗೂ ಹಂಚುವ ಮುನ್ನ ಒಂದು ಲ್ಯಾಪ್‌ಟಾಪನ್ನು ಅಕೌಂಟ್ಸ್‌ನವರ ಕೈಗೆ ಕೊಡಿ. ಪ್ರಿಂಟರ್, ಟೋಕನ್, ಎಕ್ಸೆಲ್ ಆ್ಯಡ್-ಇನ್ ಎಲ್ಲ ಬಳಸುವವರು ಅವರೇ ಅಲ್ವಾ? ಆದರೆ ಜಿಎಸ್‌ಟಿ ರಿಟರ್ನ್ ಕಟ್ಟುವ ವಾರದಲ್ಲಿ ಮಾತ್ರ ಬೇಡ.